ಕಂಬೈನ್ಡ್ ಸ್ಟಡಿಯಿಂದ ಡಿಸ್ಕಾರ್ಡ್‌ವರೆಗೆ

ಕಳೆದ ಯುಗಾದಿ ಸಮಾರಂಭದ ಊಟದ ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದಿದ್ದ ದಂಪತಿಗಳು ತಮ್ಮ ಮಗಳ ವಿಷಯ ಮಾತಾಡುತ್ತಿದ್ದರು. ಆಗಸ್ಟ್‌ನಲ್ಲಿ ಕಾಲೇಜಿಗೆ ಹೊರಡುವ ಹುಡುಗಿ. "ಅಷ್ಟು ದೂರ ಅಂತ ಮೊದಲು ಸ್ವಲ್ಪ ಯೋಚನೆ ಆಗಿತ್ತು. ಆದರೆ ಈಗೇನು ಬಿಡಿ, ದಿನಾ ವಾಟ್ಸಾಪ್ ಇದೆಯಲ್ಲ" ಎಂದು ಅವರು ನನ್ನ ಕಡೆ ತಿರುಗಿ ನಕ್ಕರು. ನಾನೂ ಪುಳಿಯೋಗರೆ ಹಾಕಿಸಿಕೊಳ್ಳುತ್ತಾ ನಕ್ಕೆ. ನನಗೆ ಹೇಳಬೇಕೆನಿಸಿದ್ದು ತಟ್ಟೆ ಹಿಡಿದು ನಿಂತು ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಅದನ್ನೇ ಬರೆಯೋಣ ಎನ್ನಿಸಿತು. ಇದು ನನ್ನ ಮಗನ ಕಥೆಯೂ ಹೌದಾದ್ದರಿಂದ ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಕನ್ನಡದಲ್ಲಿ ತಾನೆ ಅಮ್ಮ? ಧಾರಾಳವಾಗಿ ಬರಿ. ನನ್ನ ಫ್ರೆಂಡ್ಸ್ ಯಾರೂ ಓದಲ್ಲ" ಎಂದು ಅಭಯ ಕೊಟ್ಟಿದ್ದಾನೆ!

ನಾನು ನ್ಯೂಜರ್ಸಿಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸುಮಾರು ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮಗ 2022ರ ಆಗಸ್ಟ್ ಕೊನೆಯಲ್ಲಿ ಮೂರು ಗಂಟೆಯ ಡ್ರೈವ್ ದೂರದ ಒಂದು ಯೂನಿವರ್ಸಿಟಿಗೆ ಎಂಜಿನಿಯರಿಂಗ್ ಓದಲು ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿತ್ಯಕರ್ಮ ಶುರುವಾಯಿತು. ರಾತ್ರಿ ಒಂಬತ್ತಕ್ಕೆ ನಾನು ಮೂವರ ವಾಟ್ಸಾಪ್ ಗುಂಪಿನಲ್ಲಿ "ಊಟ ಆಯ್ತಾ?" ಎಂದು ಕೇಳುವುದು. ಅವನು ಹೆಬ್ಬೆರಳೆತ್ತಿದ ಒಂದು ಚಿತ್ರ ಕಳಿಸುವುದು. "ಓದು ಹೇಗಿದೆ?" ಎಂದರೆ "ಗುಡ್". ಭಾನುವಾರ ಹತ್ತು ನಿಮಿಷ ವಿಡಿಯೋ ಕಾಲ್. ಅದರಲ್ಲಿ ಎಂಟು ನಿಮಿಷ ಅವನಪ್ಪ ಕ್ಯಾಮೆರಾ ಕೆಳಗಿಟ್ಟು ನಮ್ಮ ಮನೆಯ ಸೀಲಿಂಗ್ ಫ್ಯಾನ್ ತೋರಿಸುವುದರಲ್ಲಿ ಕಳೆಯುತ್ತಿತ್ತು. ಒಟ್ಟಿನಲ್ಲಿ ದಿನಕ್ಕೊಂದು ಸಲ ಸುದ್ದಿ ಬರುತ್ತಿತ್ತು. ನಾವು ನೆಮ್ಮದಿಯಾಗಿದ್ದೆವು.

ಡಿಸೆಂಬರ್ ರಜೆಗೆ ಬಂದ ಎರಡನೇ ದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಫೋನನ್ನು ನನ್ನ ಮುಂದೆ ತಳ್ಳಿದ. ಯೂನಿವರ್ಸಿಟಿಯಿಂದ ಬಂದ ಇಮೇಲ್. ಕ್ಯಾಲ್ಕುಲಸ್ ಎರಡರಲ್ಲಿ ಎಫ್. ಜಿಪಿಎ 2.0ಕ್ಕಿಂತ ಕೆಳಗೆ ಹೋದದ್ದರಿಂದ ಅಕಾಡೆಮಿಕ್ ಪ್ರೊಬೇಷನ್. ನನ್ನ ಯಜಮಾನರು ಒಂದು ಮಾತೂ ಆಡದೆ ಎದ್ದು ಗರಾಜಿಗೆ ಹೋಗಿ ಒಂದು ಗಂಟೆ ಹಳೆಯ ಡಬ್ಬಗಳನ್ನು ಜೋಡಿಸುತ್ತಾ ಕೂತರು. ನಾನು ಆಡಬಾರದ್ದನ್ನೆಲ್ಲ ಆಡಿದೆ. ಅದನ್ನಿಲ್ಲಿ ಬರೆಯುವುದಿಲ್ಲ.

"ನಿಮಗೆ ಮೊದಲೇ ಗೊತ್ತಾಗಲಿಲ್ಲವೇ?" ಎಂದು ಆಮೇಲೆ ಕೆಲವರು ಕೇಳಿದ್ದುಂಟು. ನಮ್ಮೂರಿನಲ್ಲಾದರೆ ಮಾರ್ಕ್ಸ್ ಕಾರ್ಡು ಮನೆಗೇ ಬರುತ್ತಿತ್ತು, ಅಪ್ಪನ ಸಹಿ ಬೇಕಾಗುತ್ತಿತ್ತು. ಈ ದೇಶದಲ್ಲಿ 1974ರ ಫರ್ಪಾ ಕಾನೂನಿದೆ. ಮಗು ಕಾಲೇಜಿಗೆ ಸೇರಿದ ಮೇಲೆ ಅದರ ಶೈಕ್ಷಣಿಕ ದಾಖಲೆಯ ಹಕ್ಕು ತಂದೆ ತಾಯಿಯ ಕೈಬಿಟ್ಟು ಆ ಮಗುವಿಗೇ ಹೋಗುತ್ತದೆ. ಫೀಸು ಯಾರು ಕಟ್ಟುತ್ತಾರೆ ಎಂದು ಆ ಇಮೇಲ್ ಕೇಳುವುದಿಲ್ಲ! ನನ್ನ ವಿದ್ಯಾರ್ಥಿಗಳ ಪೋಷಕರು ಫೋನ್ ಮಾಡಿದಾಗ "ಕ್ಷಮಿಸಿ, ಕಾನೂನು ಪ್ರಕಾರ ನಾನು ಹೇಳುವ ಹಾಗಿಲ್ಲ" ಎಂದು ಎಷ್ಟೋ ಸಲ ಉತ್ತರಿಸಿದವಳು ನಾನು. ನನ್ನ ಮನೆಬಾಗಿಲಿಗೇ ಬಂದಾಗ ಅದರ ಬಿಸಿ ತಟ್ಟಿತು.

ಅಂದು ಸಂಜೆ ಕೋಪ ಇಳಿದ ಮೇಲೆ ಇಬ್ಬರೂ ಅವನ ಲ್ಯಾಪ್‌ಟಾಪಿನ ಮುಂದೆ ಕೂತೆವು. ಆಗ ನನಗೆ ಮೊದಲ ಬಾರಿಗೆ ಡಿಸ್ಕಾರ್ಡ್‌ನ ದರ್ಶನವಾಯಿತು. 2015ರಲ್ಲಿ ವಿಡಿಯೋ ಗೇಮ್ ಆಡುವವರು ಪರಸ್ಪರ ಮಾತಾಡಲಿ ಎಂದು ಬಂದದ್ದು ಅದು. ಈಗ ಕಾಲೇಜು ಮಕ್ಕಳು ತಮ್ಮ ತಮ್ಮ ಕ್ಲಾಸಿಗೆ ಒಂದೊಂದು ಗುಂಪು ಮಾಡಿಕೊಳ್ಳುತ್ತಾರೆ. ಪ್ರೊಫೆಸರಿಗೆ ಅದರೊಳಗೆ ಪ್ರವೇಶವಿಲ್ಲ. ನನ್ನ ಮಗನ ಕ್ಯಾಲ್ಕುಲಸ್ ಗುಂಪಿನಲ್ಲಿ 140 ಜನ ಇದ್ದರು. ಬೆಳಗಿನ ಜಾವ ಎರಡು ಗಂಟೆಗೂ ಮಾತು ನಡೆಯುತ್ತಿತ್ತು. ಮೇಲ್ನೋಟಕ್ಕೆ ಎಂಥ ವಿದ್ಯಾಸಕ್ತಿ ಎನ್ನಿಸಬೇಕು, ಹಾಗಿತ್ತು.

ಒಂದೊಂದಾಗಿ ಓದುತ್ತಾ ಹೋದಾಗ ಅಲ್ಲಿ ನಡೆಯುತ್ತಿದ್ದದ್ದು ಏನೆಂದು ಗೊತ್ತಾಯಿತು. ಈಗಿನ ಗಣಿತದ ಹೋಮ್‌ವರ್ಕ್ ಆನ್‌ಲೈನ್‌ನಲ್ಲಿ ಇರುತ್ತದೆ. ನಕಲು ತಪ್ಪಿಸಲೆಂದು ಕಂಪ್ಯೂಟರ್ ಒಂದೇ ಲೆಕ್ಕವನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಸಂಖ್ಯೆ ಹಾಕಿ ಕೊಡುತ್ತದೆ. ಮಕ್ಕಳೇನು ಕಡಿಮೆಯೇ? ಒಬ್ಬ ಜಾಣ ಲೆಕ್ಕ ಬಿಡಿಸಿ, ಉತ್ತರದ ಬದಲು ಉತ್ತರದ ಸೂತ್ರವನ್ನೇ ಬರೆದು ಹಾಕುತ್ತಾನೆ. ಉಳಿದ 139 ಜನ ತಮ್ಮ ತಮ್ಮ ಸಂಖ್ಯೆಯನ್ನು ಅದರಲ್ಲಿ ತುಂಬಿದರೆ ಮುಗಿಯಿತು, ಪರದೆಯ ಮೇಲೆ ಹಸಿರು ಟಿಕ್ ಬೀಳುತ್ತದೆ. ನನ್ನ ಮಗನಿಗೆ ಹೋಮ್‌ವರ್ಕಿನಲ್ಲಿ ನೂರಕ್ಕೆ 97 ಬಂದಿತ್ತು. ಮೊದಲ ಪರೀಕ್ಷೆಯಲ್ಲಿ 41, ಎರಡನೆಯದರಲ್ಲಿ 36.

"ಅರ್ಥ ಆಗ್ಲಿಲ್ಲ ಅಂತ ಅಲ್ಲೇ ಯಾರನ್ನಾದ್ರೂ ಕೇಳಬಹುದಿತ್ತಲ್ಲೋ?"

"ಎಲ್ಲರಿಗೂ ಗೊತ್ತಿರೋ ಹಾಗೇ ಕಾಣ್ತಿತ್ತು ಅಮ್ಮ. ನಾನೊಬ್ನೇ ಹೇಗೆ ಕೇಳ್ಲಿ?"

"ನನ್ನನ್ನ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನು ಮ್ಯಾತ್ಸ್ ಟೀಚರ್ ಅಮ್ಮ" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳು ಮುಚ್ಚಿಡುವುದು ವಾಟ್ಸಾಪ್‌ನಿಂದ ಶುರುವಾದದ್ದೇನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. 1980ರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಾಗ ಕೊಪ್ಪದಲ್ಲಿದ್ದ ಅಣ್ಣನಿಗೆ (ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು) ವಾರಕ್ಕೊಂದು ನೀಲಿ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದೆ. ನಾನು ಕ್ಷೇಮ, ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಬರೆಯುವುದು, ಓದು ಚೆನ್ನಾಗಿ ಸಾಗಿದೆ. ರಿಯಲ್ ಅನಾಲಿಸಿಸ್ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಒಂಬತ್ತು ಬಂದ ವಾರವೂ ಅದನ್ನೇ ಬರೆದಿದ್ದೆ. ಇನ್‌ಲ್ಯಾಂಡ್ ಲೆಟರಿನಲ್ಲೂ ಹೆಬ್ಬೆರಳೆತ್ತಬಹುದು!

ಆದರೆ ಹಾಸ್ಟೆಲಿನಲ್ಲಿ ಅದನ್ನು ಮುಚ್ಚಿಡಲು ಸಾಧ್ಯವಿರಲಿಲ್ಲ. ನಾವು ನಾಲ್ವರು ಒಂದೇ ಕೋಣೆಯಲ್ಲಿದ್ದೆವು. ಊಟ ಮುಗಿಸಿ ಕಡಲೆಪುರಿ ಪೊಟ್ಟಣ ನಡುವೆ ಹರಡಿಕೊಂಡು ನಡೆಯುತ್ತಿದ್ದ 'ಕಂಬೈನ್ಡ್ ಸ್ಟಡಿ' ನಿಮಗೂ ನೆನಪಿರಬಹುದು. ಅರ್ಧ ಹರಟೆ, ಅರ್ಧ ಓದು. ಯಾರಾದರೂ ಒಂದು ಪುಟದಲ್ಲೇ ಕಣ್ಣು ನೆಟ್ಟು ಹತ್ತು ನಿಮಿಷ ಕೂತರೆ ಉಳಿದವರಿಗೆ ತಿಳಿದುಬಿಡುತ್ತಿತ್ತು. ಹಾಸನದ ಹುಡುಗಿಯೊಬ್ಬಳು "ಏನೇ, ಅಲ್ಲೇ ಸಿಕ್ಕಿಹಾಕ್ಕೊಂಡ್ಯಾ?" ಎಂದು ಪುಸ್ತಕ ಕಿತ್ತುಕೊಂಡು ನೋಡುತ್ತಿದ್ದಳು. ಅವಳಿಗೂ ಗೊತ್ತಾಗದಿದ್ದರೆ "ನಂಗೂ ಬರಲ್ಲ ಬಿಡು" ಎಂದು ಜೋರಾಗಿ ನಗುತ್ತಿದ್ದಳು. ಆ ನಗುವಿನಿಂದ ನನಗೆಷ್ಟು ಉಪಕಾರವಾಗಿದೆ ಎಂದು ಹೇಳಲಾರೆ. 140 ಜನರ ಗುಂಪಿನಲ್ಲಿ ಮಾತಾಡುವವರು ಹದಿನೈದೋ ಇಪ್ಪತ್ತೋ ಜನ. ಮಿಕ್ಕವರು ಮೌನವಾಗಿ ಓದುತ್ತಾರೆ, ಅವರಲ್ಲಿ ಯಾರು ಒಂದೇ ಪುಟದಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಕಾಣುವುದಿಲ್ಲ.

ನನ್ನ ಕಸುಬಿನಲ್ಲಿರುವವರಿಗೆ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರ ಹೆಸರು ಗೊತ್ತಿರುತ್ತದೆ. 1970ರ ದಶಕದಲ್ಲಿ ಅವರು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಒಂದು ಪ್ರಶ್ನೆ ಕಾಡಿತು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ಫೇಲಾಗುತ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಏಕೆ? ಅಧ್ಯಾಪಕರನ್ನು ಕೇಳಿದರೆ ಉತ್ಸಾಹವಿಲ್ಲ, ಹೈಸ್ಕೂಲಿನ ತಯಾರಿ ಸಾಲದು, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ ಎಂದೆಲ್ಲ ಹೇಳಿದರು. ಟ್ರೈಸ್‌ಮನ್ ಅದನ್ನು ನಂಬಿ ಕೂರಲಿಲ್ಲ. ಎರಡೂ ಕಡೆಯ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿ, ಅವರು ಓದುವ ಕಡೆಗೆಲ್ಲ ತಾವೇ ಹೋಗಿ ತಿಂಗಳುಗಟ್ಟಲೆ ನೋಡಿದರು. ಅಧ್ಯಾಪಕರ ಊಹೆಗಳೆಲ್ಲ ಸುಳ್ಳಾದವು. ಕಪ್ಪು ವಿದ್ಯಾರ್ಥಿಗಳು ಹೇಳಿದಷ್ಟೂ ಓದುತ್ತಿದ್ದರು, ವಾರಕ್ಕೆ ಎಂಟು ಗಂಟೆ, ಆದರೆ ಒಂಟಿಯಾಗಿ. ಚೀನೀ ವಿದ್ಯಾರ್ಥಿಗಳು ವಾರಕ್ಕೆ ಸುಮಾರು ಹದಿನಾಲ್ಕು ಗಂಟೆ ಓದುತ್ತಿದ್ದರು. ಮೊದಲು ತಾವೇ ಲೆಕ್ಕ ಮಾಡಿ, ಸಂಜೆ ಒಟ್ಟಿಗೆ ಸೇರಿ, ಊಟ ಮಾಡುತ್ತಾ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಆಮೇಲೆ ಟ್ರೈಸ್‌ಮನ್ ಕಠಿಣ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರಗಳನ್ನು ಶುರುಮಾಡಿದರು. ಅದಕ್ಕೆ ಬಂದ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿತು.

ಇದನ್ನು ನಾನು ಎಷ್ಟೋ ಹೊಸ ಅಧ್ಯಾಪಕರಿಗೆ ಉಪದೇಶ ಮಾಡಿದ್ದೇನೆ. ನನ್ನ ಮನೆಯ ಹುಡುಗ 140 ಜನರ ನಡುವೆ ಒಂಟಿಯಾಗಿ ಓದುತ್ತಿದ್ದ!

ಹಾಗೆಂದು "ಈ ಫೋನುಗಳಿಂದಲೇ ಹಾಳಾದರು" ಎಂದು ಷರಾ ಬರೆಯಲು ನನ್ನ ಕ್ಲಾಸಿನ ಅನುಭವ ಬಿಡುವುದಿಲ್ಲ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿ ಎಲ್ಲರೂ ಜೂಮ್‌ಗೆ ಹೋದೆವಲ್ಲ, ಆಗ ನಾನು ಮೂವತ್ತು ಕಪ್ಪು ಚೌಕಗಳಿಗೆ ಪಾಠ ಮಾಡಿದೆ. ಗೋಡೆಗೆ ಪಾಠ ಮಾಡಿದ ಹಾಗೆ. ಆದರೆ ಎರಡನೇ ವಾರದಿಂದ ಒಂದು ವಿಚಿತ್ರ ನಡೆಯತೊಡಗಿತು. ಪರದೆಯ ಮೂಲೆಯಲ್ಲಿ, ನನಗೊಬ್ಬಳಿಗೇ ಕಾಣುವಂತೆ, ಪುಟ್ಟ ಪುಟ್ಟ ಸಂದೇಶಗಳು. "ಪ್ರೊಫೆಸರ್, ಆ ಸಾಲು ಮತ್ತೊಮ್ಮೆ ಹೇಳ್ತೀರಾ?" ಬರೆಯುತ್ತಿದ್ದವರು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಇಡೀ ಸೆಮಿಸ್ಟರ್ ತುಟಿ ಬಿಚ್ಚದಿದ್ದವರು. ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಕೆಲಸ ಮಾಡುವ, ಇಂಗ್ಲಿಷ್ ಉಚ್ಚಾರಣೆಗೆ ಅಂಜುವ ಒಬ್ಬಾಕೆ ದಿನಕ್ಕೆ ಐದಾರು ಪ್ರಶ್ನೆ ಕಳಿಸುತ್ತಿದ್ದಳು. ಆಕೆಯ ಪ್ರಶ್ನೆಯನ್ನು ಹೆಸರು ಹೇಳದೆ ಓದಿದಾಗ "ನಮಗೂ ಅದೇ ಡೌಟು" ಎಂದು ಇನ್ನೂ ನಾಲ್ವರು ಬರೆಯುತ್ತಿದ್ದರು. ಎದುರಾಎದುರು ಕೂತಾಗ ಬಾರದ ಧೈರ್ಯ ಕೀಬೋರ್ಡಿನಿಂದ ಬಂದಿತ್ತು. 2007ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯವರು ತಮ್ಮ 286 ವಿದ್ಯಾರ್ಥಿಗಳ ಫೇಸ್‌ಬುಕ್ ಬಳಕೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. ಹೊಸ ಪರಿಚಯಗಳನ್ನು ಉಳಿಸಿಕೊಳ್ಳಲು ಅದರಿಂದ ಹೆಚ್ಚು ನೆರವಾಗುತ್ತಿದ್ದದ್ದು ಆತ್ಮವಿಶ್ವಾಸ ಕಡಿಮೆ ಇದ್ದವರಿಗೇ ಇರಬೇಕು ಎಂದು ಅದರಲ್ಲಿ ಕಂಡಿತ್ತು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ.

ಅದೇ ಸಮಯದಲ್ಲಿ ಕೊಪ್ಪದ ಕಡೆ ನನ್ನ ಅಕ್ಕನ ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಮಲೆನಾಡಿನ ಎಷ್ಟೋ ಮಕ್ಕಳ ಹಾಗೆ ಅವಳೂ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕಿತ್ತು. ಮಳೆಗಾಲ, ಇಂಬಳ, ಕೊಡೆಯ ಕೆಳಗೆ ಫೋನು. ಗುಡ್ಡದ ಮೇಲೆ ಪಾಠದ ವಿಡಿಯೋ ಇಳಿಸಿಕೊಂಡು ಬಂದು ಮನೆಯಲ್ಲಿ ನೋಡುವಳು. ಪ್ರಶ್ನೆ ಕೇಳಲು ಅತ್ತ ಯಾರೂ ಇಲ್ಲ. ಆದ್ದರಿಂದ ರಾತ್ರಿ ಮನೆಯ ಹಳೆಯ ಲ್ಯಾಂಡ್‌ಲೈನಿನಿಂದ ಶೃಂಗೇರಿ ಕಡೆಯ ಗೆಳತಿಗೆ ಫೋನ್ ಮಾಡಿ, ಇಬ್ಬರೂ ಆ ದಿನದ ಪಾಠವನ್ನು ಒಬ್ಬರಿಗೊಬ್ಬರು ಬಾಯಲ್ಲಿ ಹೇಳುತ್ತಿದ್ದರಂತೆ. "ಚಿತ್ರ ತೋರಿಸೋಕಾಗಲ್ವಲ್ಲ ಚಿಕ್ಕಿ, ಪೂರ್ತಿ ಬಿಡಿಸಿ ಹೇಳ್ಬೇಕು, ಅದಕ್ಕೇ ತಲೇಲಿ ಉಳೀತು" ಎಂದು ನಂತರ ನನಗೆ ಹೇಳಿದಳು. ಆಗ ನಕ್ಕು ಸುಮ್ಮನಾಗಿದ್ದೆ.

ಕ್ಲಾಸಿನೊಳಗಿನ ಹರಟೆಯ ಬಗ್ಗೆ ಮಾತ್ರ ನನಗೆ ಎರಡು ಮನಸ್ಸಿಲ್ಲ. 2013ರಲ್ಲಿ ಕೆನಡಾದ ಸಂಶೋಧಕರು ವಿದ್ಯಾರ್ಥಿಗಳನ್ನು ಕೂರಿಸಿ ಒಂದು ಪಾಠ ಕೇಳಿಸಿ ಪರೀಕ್ಷೆ ಕೊಟ್ಟರು. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡಿದವರ ಅಂಕ ಶೇಕಡಾ 11ರಷ್ಟು ಕಡಿಮೆ ಬಂತು. ಇದು ನಿರೀಕ್ಷಿಸಿದ್ದೇ. ಆದರೆ ಕೈಯಲ್ಲಿ ಬರೀ ಪೆನ್ಸಿಲ್ ಹಿಡಿದು, ಮುಂದಿನವರ ಪರದೆ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿದ್ದ ಪಾಪದವರ ಅಂಕ ಶೇಕಡಾ 17ರಷ್ಟು ಕಡಿಮೆಯಾಗಿತ್ತು! ಅಂದಿನಿಂದ ನನ್ನ ಕ್ಲಾಸಿನಲ್ಲಿ ಲ್ಯಾಪ್‌ಟಾಪ್ ಬೇಕಾದವರಿಗೆ ಕೊನೆಯ ಸಾಲು ಮೀಸಲು.

ಇನ್ನು ಯಂತ್ರದ ವಿಚಾರ. 2016ರಲ್ಲಿ ಜಾರ್ಜಿಯಾ ಟೆಕ್‌ನ ಪ್ರೊಫೆಸರ್ ಅಶೋಕ್ ಗೋಯಲ್ ತಮ್ಮ ಆನ್‌ಲೈನ್ ಕ್ಲಾಸಿನ ಸುಮಾರು 300 ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಲು ಸಹಾಯಕರ ನಡುವೆ 'ಜಿಲ್ ವಾಟ್ಸನ್' ಎಂಬ ಹೆಸರಿನಲ್ಲಿ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನು ಸೇರಿಸಿದ್ದರು. ಒಂದು ಸೆಮಿಸ್ಟರಿನಲ್ಲಿ ಸುಮಾರು 10,000 ಸಂದೇಶ ಬರುತ್ತಿದ್ದ ಕ್ಲಾಸು ಅದು. ಜಿಲ್ ಮನುಷ್ಯಳಲ್ಲವೆಂದು ಸೆಮಿಸ್ಟರಿನ ಕೊನೆಗೆ ಅವರು ಹೇಳಿದಾಗಲೇ ಮಕ್ಕಳಿಗೆ ತಿಳಿದದ್ದು. ಆಗ ಅದೊಂದು ತಮಾಷೆಯ ಸುದ್ದಿ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲ ಮಕ್ಕಳ ಜೇಬಿನಲ್ಲೂ ಒಬ್ಬೊಬ್ಬಳು ಜಿಲ್. ನಡುರಾತ್ರಿ ನಾಚಿಕೆಯಿಲ್ಲದೆ ಕೇಳಬಹುದು ಎಂಬುದು ಸಣ್ಣ ಲಾಭವೇನಲ್ಲ, ನನ್ನ ಕೆಲವು ವಿದ್ಯಾರ್ಥಿಗಳು ಅದರಿಂದ ನಿಜವಾಗಿ ಕಲಿತಿದ್ದಾರೆ. ಆದರೆ ಅದು ಪುಸ್ತಕ ಕಿತ್ತುಕೊಂಡು "ನಂಗೂ ಬರಲ್ಲ ಬಿಡು" ಎಂದು ನಗುವುದಿಲ್ಲ. ಕೇಳಿದ್ದಕ್ಕೆಲ್ಲ ಹಸಿರು ಟಿಕ್ ಕೊಡಿಸಲು ತಯಾರಾಗಿ ನಿಂತಿರುತ್ತದೆ.

2023ರ ಜನವರಿಯಲ್ಲಿ ಮಗ ಅದೇ ಕ್ಯಾಲ್ಕುಲಸ್ ಕೋರ್ಸಿಗೆ ಮತ್ತೆ ಸೇರಿದ. ದೊಡ್ಡ ಗುಂಪಿನಿಂದ ಹೊರಗೆ ಬಾ ಎಂದು ನಾನು ಹೇಳಲಿಲ್ಲ, ಹೇಳಿದರೆ ಕೇಳುವ ವಯಸ್ಸೂ ಅಲ್ಲ. ಅವನೇ ಲ್ಯಾಬಿನಲ್ಲಿ ಪರಿಚಯವಾದ ಮೂವರನ್ನು ಹಿಡಿದ. ಅವರಲ್ಲಿ ಒಬ್ಬಳು ಕೂಡ ಹಿಂದಿನ ಸೆಮಿಸ್ಟರಿನಲ್ಲಿ ಅದೇ ಕೋರ್ಸಿನಲ್ಲಿ ಫೇಲಾಗಿದ್ದಳು. ಅದೇ 140 ಜನರ ಗುಂಪಿನಲ್ಲಿ ಅವಳೂ ಇದ್ದಳಂತೆ, ಎಲ್ಲರಿಗೂ ಗೊತ್ತಿದೆ ಎಂದುಕೊಂಡು ಸುಮ್ಮನಿದ್ದಳಂತೆ! ಮಂಗಳವಾರ ಲೈಬ್ರರಿಯಲ್ಲಿ ಸೇರುವುದು, ಮಿಕ್ಕ ದಿನ ಅದೇ ಡಿಸ್ಕಾರ್ಡ್‌ನಲ್ಲಿ ನಾಲ್ವರೇ ಧ್ವನಿಯಲ್ಲಿ ಮಾತಾಡುತ್ತಾ ಒಂದು ಬಿಳಿ ಹಲಗೆಯ ಮೇಲೆ ಎಲ್ಲರೂ ಬರೆಯುವುದು. ಸೂತ್ರ ತಂದು ಹಾಕಿದವನು ಎಲ್ಲರಿಗೂ ಪಿಜ್ಜಾ ಕೊಡಿಸಬೇಕೆಂದು ಕಾನೂನು ಮಾಡಿಕೊಂಡರಂತೆ. ಒಬ್ಬ ಮಾರ್ಚ್‌ನಲ್ಲಿ ಕೋರ್ಸನ್ನೇ ಬಿಟ್ಟ. ಮಗನಿಗೆ ಕೊನೆಗೆ ಬಿ ಮೈನಸ್ ಬಂತು, ಪ್ರೊಬೇಷನ್ನೂ ತೆಗೆದರು.

ನನ್ನ ಕ್ಲಾಸಿನಲ್ಲೂ ಒಂದು ಬದಲಾವಣೆ ಮಾಡಿದೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ವಾರಕ್ಕೊಮ್ಮೆ ಪ್ರತಿಯೊಬ್ಬರೂ ತಾವು ತಪ್ಪು ಮಾಡಿದ ಒಂದು ಲೆಕ್ಕದ ಫೋಟೋ ಕಳಿಸಬೇಕು, ಎಲ್ಲಿ ತಪ್ಪಿತೆಂದು ಗುಂಪಿನ ಇನ್ನೊಬ್ಬರು ಬರೆಯಬೇಕು. ಅದಕ್ಕೂ ಅಂಕ. ಮೊದಮೊದಲು ಇಬ್ಬರು ಒಂದೇ ತಪ್ಪನ್ನು ಒಬ್ಬರಿಂದೊಬ್ಬರು ನಕಲು ಮಾಡಿ ಕಳಿಸಿದ್ದೂ ಉಂಟು.

ಮನೆಯಲ್ಲಿ "ಊಟ ಆಯ್ತಾ?" ನಿಂತಿಲ್ಲ, ಅದನ್ನು ನಿಲ್ಲಿಸಲು ನನ್ನಿಂದಾಗದು. ಅದರ ಜೊತೆಗೆ ಆ ಜನವರಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ: "ಇವತ್ತು ಯಾವುದು ಅರ್ಥ ಆಗ್ಲಿಲ್ಲ?" ಮೊದಲ ವಾರ ಉತ್ತರವೇ ಬರಲಿಲ್ಲ. ಎರಡನೇ ವಾರ "ಸುಮ್ನಿರಮ್ಮ" ಎಂದು ಬಂತು. ನನ್ನ ಯಜಮಾನರೂ "ಅವನನ್ನ ಬಿಟ್ಟುಬಿಡೇ" ಎಂದರು. ಫೆಬ್ರವರಿಯ ಒಂದು ರಾತ್ರಿ ಹನ್ನೊಂದೂವರೆಗೆ ಫೋನು ಟಿಣ್ ಎಂದಿತು. ನೋಟ್‌ಬುಕ್ಕಿನ ಒಂದು ಪುಟದ ಫೋಟೋ, ಇಂಟಿಗ್ರೇಷನ್ ಬೈ ಪಾರ್ಟ್ಸ್ ಲೆಕ್ಕ, ಅರ್ಧಕ್ಕರ್ಧ ಗೀಚಿ ಹಾಕಿದ್ದು. ಕೆಳಗೆ "ಎಲ್ಲಿ ತಪ್ಪಿದೆ ಅಂತ ನಮ್ಮ ನಾಲ್ಕೂ ಜನಕ್ಕೆ ಗೊತ್ತಾಗ್ತಿಲ್ಲ."

ಕನ್ನಡಕ ಹಾಕಿಕೊಂಡು ನೋಡಿದೆ. ತಪ್ಪು ತಕ್ಷಣ ಕಂಡಿತು. ಹೇಳಿಬಿಡಲು ಬೆರಳು ತುರಿಸುತ್ತಿತ್ತು. "ಮೂರನೇ ಸಾಲು ಇನ್ನೊಂದ್ಸಲ ನೋಡಿ" ಎಂದಷ್ಟೇ ಬರೆದು ದೀಪ ಆರಿಸದೆ ಕೂತಿದ್ದೆ. ಹನ್ನೆರಡು ನಿಮಿಷದ ಮೇಲೆ ಉತ್ತರ ಬಂತು.

"ಅಯ್ಯೋ, ಮೈನಸ್!"